ಏನೂ ಒಡೆಯದ ಕೈ

ಗಾಜಿನ ಸಾಮಾನಿನ ಅಂಗಡಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದ ಅವನನ್ನು ಎಲ್ಲರೂ ಗಾಜಣ್ಣ ಎಂದೇ ಕರೆಯುತ್ತಿದ್ದರು. ಲೋಟ, ತಟ್ಟೆ, ಹೂದಾನಿ, ಏನೇ ಕೊಡಿ, ಕಾಗದ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಸಂದಿಗೊಂದಿಗೆಲ್ಲ ಕಾಗದದ ಚೂರು ತುರುಕಿ ಟೇಪು ಎಳೆದನೆಂದರೆ ಮುಗಿಯಿತು. ಪೆಟ್ಟಿಗೆ ಮೆಟ್ಟಿಲಿಂದ ಉರುಳಿದರೂ ಒಳಗಿನದಕ್ಕೆ ಸುದ್ದಿ ತಿಳಿಯುತ್ತಿರಲಿಲ್ಲ.

ಅವನಿಗೆ ಮೂರ್ಛೆರೋಗವಿತ್ತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರಲ್ಲ, ಇವನ ಮೂರ್ಛೆಯೂ ಹಾಗೇ. ಬಿದ್ದು ಕೈಕಾಲು ಬಡಿಯುವಂಥದಲ್ಲ. ಹೊಟ್ಟೆಯಿಂದ ಏನೋ ಮೇಲೆದ್ದು ಬಂದ ಹಾಗಾಗುತ್ತಿತ್ತು. ಆಮೇಲೆ ಕಣ್ಣು ನೆಟ್ಟು ನಿಲ್ಲುತ್ತಿತ್ತು, ಬಾಯಿ ಬರಿದೇ ಜಗಿಯುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಎಚ್ಚರಾದ ಮೇಲೆ ಏನೊಂದೂ ನೆನಪಿಲ್ಲ. ಒಮ್ಮೆ ಯಜಮಾನರು ಅರ್ಧ ಕುಡಿದಿಟ್ಟಿದ್ದ ಚಹಾದ ಲೋಟವನ್ನು ಚಹಾ ಸಮೇತ ಕಾಗದ ಸುತ್ತಿ ಪೆಟ್ಟಿಗೆಗೆ ಹಾಕಿದ್ದ. ಅಂಗಡಿಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ನಮ್ಮ ಗಾಜಣ್ಣ ಮೈಮೇಲೆ ಎಚ್ಚರ ಇಲ್ದಿದ್ರೂ ಒಂದು ಲೋಟ ಒಡೆದವನಲ್ಲ" ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಂಡರು. ಅವನಿಗೂ ಒಳಗೊಳಗೇ ಹೆಮ್ಮೆ. ರೋಗದ ಬಗ್ಗೆ ಹೆಮ್ಮೆ ಪಡುವವರೂ ಇರುತ್ತಾರೆ ನೋಡಿ.

ಮಾತ್ರೆ ಬದಲಿಸಿ ಬದಲಿಸಿ ಡಾಕ್ಟರಮ್ಮನಿಗೇ ಸಾಕಾಗಿತ್ತು. ಕೊನೆಗೆ ಅವರು ಸ್ಕ್ಯಾನಿನ ಚಿತ್ರದ ಮೇಲೆ ಪೆನ್ನಿನ ತುದಿ ಇಟ್ಟು ಹೇಳಿದರು:

"ಹುಟ್ಟೋದು ಇಲ್ಲಿಂದ. ಇಷ್ಟನ್ನ ಆಪರೇಷನ್ ಮಾಡಿ ತೆಗೆದ್ರೆ ಮೂರ್ಛೆ ನಿಂತೇ ಹೋಗಬಹುದು. ಆದ್ರೆ ನೆನಪಿನ ಜಾಗಾನೂ ಇದೇ. ನಿಮ್ಮ ಮಿದುಳಿನ ಇನ್ನೊಂದು ಕಡೆ ಅಷ್ಟು ಗಟ್ಟಿಯಿಲ್ಲ ಅಂತ ಪರೀಕ್ಷೇಲಿ ಬಂದಿದೆ. ಹೊಸದಾಗಿ ನಡೆದದ್ದು ಮನಸ್ಸಲ್ಲಿ ನಿಲ್ಲದೇ ಇರಬಹುದು. ಹಳೇದೂ ಒಂದಿಷ್ಟು ಹೋಗಬಹುದು."

"ಮಾಡಿಸದೇ ಇದ್ರೆ?"

"ಹೆಚ್ಚಾಗ್ತಾ ಇದೆಯಲ್ಲ. ಹೀಗೇ ಇರುತ್ತೆ ಅಂತ ನಾನು ಹೇಳಲಾರೆ. ಯೋಚನೆ ಮಾಡಿ, ಈ ವಾರದಲ್ಲಿ ಒಂದು ಮಾತು ಹೇಳಿ."

ಅತ್ತ ದರಿ, ಇತ್ತ ಹುಲಿ. ಮಗಳು ಆಗಷ್ಟೇ ತೆವಳಲು ಕಲಿತಿದ್ದಳು. ಅಪ್ಪನ ದನಿ ಕೇಳಿದರೆ ಸಾಕು, ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ಇವತ್ತು ಅವಳು ನಕ್ಕದ್ದು ನಾಳೆ ತನ್ನೊಳಗೆ ಇರುವುದಿಲ್ಲ, ಅವಳ ಮೊದಲ ಮಾತು ತನಗೆ ದಿನಾ ಹೊಸದಾಗಿ ಯಾರೋ ಹೇಳಬೇಕು ಎಂದು ನೆನೆದಾಗಲೆಲ್ಲ ಅವನು ಅವಳನ್ನು ಮಾತಾಡಿಸಿ ಮತ್ತೊಮ್ಮೆ ನಗಿಸುತ್ತಿದ್ದ.

ಮಗು ನೋಡಿಕೊಳ್ಳಲು ಬಂದಿದ್ದ ಅಕ್ಕನಿಗೆ ಇಂಥ ಅನುಮಾನಗಳೇ ಇರಲಿಲ್ಲ. "ತಲೆ ಅಂದ್ರೆ ಏನಂದ್ಕೊಂಡಿದಾರೋ, ತೆಗೆದು ನೋಡಿ ಮುಚ್ಚೋಕೆ? ನಿನ್ನ ಮೂರ್ಛೆ ಯಾರಿಗೆ ಏನು ಕೇಡು ಮಾಡಿದೆ? ಸುಮ್ನಿರೋ!"

ಹೆಂಡತಿ ಮಾತ್ರ "ನಿಮ್ಮ ತಲೆ, ನೀವೇ ಹೇಳಿ" ಅನ್ನುತ್ತಿದ್ದಳು. ಹಾಗೆಂದರೂ ಮಗುವನ್ನು ಅವನೊಬ್ಬನ ಬಳಿ ಬಿಡುತ್ತಿರಲಿಲ್ಲ. ಸ್ನಾನಕ್ಕೆ ಹೋದರೂ ಬಚ್ಚಲ ಬಾಗಿಲಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಅದು ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ಬಟ್ಟಲು ಕೈಜಾರಿಸದವನು ಹೆತ್ತ ಮಗಳನ್ನು ಏನು ಮಾಡಿಯಾನು? ಸಾಯಂಕಾಲ ಡಾಕ್ಟರಮ್ಮನಿಗೆ ಫೋನ್ ಮಾಡಿ ಬೇಡ ಎಂದುಬಿಡುವುದು ಎಂದು ಅವನು ನಿರ್ಧರಿಸಿದ.

ಮೂರ್ಛೆ ಹೆಚ್ಚಾದಾಗಿನಿಂದ ಯಜಮಾನರು ಕೆಲಸವನ್ನು ಮನೆಗೇ ಕಳಿಸುತ್ತಿದ್ದರು. ಆ ಮಧ್ಯಾಹ್ನ ನಡುಮನೆಯಲ್ಲಿ ದೊಡ್ಡ ಹೂದಾನಿಗಳು ಬಂದು ಕೂತಿದ್ದವು, ಒಂದೊಂದಕ್ಕೆ ಒಂದೊಂದು ಪೆಟ್ಟಿಗೆ. ಮಗಳು ಚಾಪೆಯ ಮೇಲೆ ಕಾಗದದ ಚೂರು ಹಿಡಿದು ಆಡುತ್ತಿದ್ದಳು.

"ಅತ್ತಿಗೆ, ಬಟ್ಟೆ ಒಣಗಿಸಿ ಬರ್ತೀನಿ. ಪುಟ್ಟಿ ಮೇಲೆ ಕಣ್ಣಿರ್ಲಿ" ಎಂದು ಹೆಂಡತಿ ಬಕೆಟ್ಟು ಎತ್ತಿಕೊಂಡು ಮಹಡಿಗೆ ಹೋದಳು.

"ನೀನು ಹೋಗಮ್ಮ, ನಾನಿಲ್ವಾ?" ಎಂದ ಅಕ್ಕನಿಗೆ ಅಷ್ಟರಲ್ಲೇ ಫೋನ್ ಬಂತು. ಅವಳು ಮಾತಾಡುತ್ತ ಬಾಲ್ಕನಿಗೆ ಹೋದಳು.

ಅವನು ಒಂದು ಹೂದಾನಿ ಎತ್ತಿಕೊಂಡ. ಹೊಟ್ಟೆಯೊಳಗಿಂದ ಅದು ಮೇಲೆದ್ದು ಬಂತು.

ತಿರುಗಿ ಅರಿವು ಬಂದಾಗ ಅವನು ಪೆಟ್ಟಿಗೆಯೊಂದರ ಮೇಲೆ ಟೇಪು ಒತ್ತುತ್ತಿದ್ದ. ತಲೆ ಭಾರವಾಗಿತ್ತು. ಮನೆಯಲ್ಲಿ ಸದ್ದಿರಲಿಲ್ಲ. ಚಾಪೆಯ ಮೇಲೆ ಮಗಳ ಹೊದಿಕೆ ಉಬ್ಬಿಕೊಂಡಿತ್ತು. ಸದ್ಯ, ಪುಟ್ಟಿ ನಿದ್ದೆ ಮಾಡಿದಾಳೆ ಎಂದುಕೊಂಡ.

ಹೆಂಡತಿ ಖಾಲಿ ಬಕೆಟ್ಟು ಹಿಡಿದು ಬಂದಳು. "ಇಷ್ಟು ಬೇಗ ಮಲಗಿಬಿಟ್ಳಾ? ಅಯ್ಯೋ, ಮುಖದ ಮೇಲೆಲ್ಲ ಹೊದಿಸಿದೀರಲ್ಲ, ಸೆಕೆ ಆಗಲ್ವೇನ್ರೀ?" ಎನ್ನುತ್ತ ಹೊದಿಕೆ ಸರಿಸಿದಳು.

ಹೊದಿಕೆಯ ಕೆಳಗೆ ಹೂದಾನಿ ಮಲಗಿತ್ತು.

ಅವಳು ಕಿರುಚಲಿಲ್ಲ. ಬಕೆಟ್ಟು ಕೈಯಿಂದ ಬಿದ್ದು ಉರುಳಿತು. "ಅತ್ತಿಗೆ, ಪುಟ್ಟಿ ನಿಮ್ಮ ಹತ್ರ ಇದಾಳಾ?" ಎಂದಳು. ಬಾಲ್ಕನಿಯಿಂದ ಅಕ್ಕ "ಇಲ್ವಲ್ಲೇ, ಚಾಪೆ ಮೇಲೇ ಇದ್ಳಲ್ಲ!" ಅಂದಳು. ಹೆಂಡತಿ ಬಚ್ಚಲಿಗೆ ಓಡಿದಳು, ಅಕ್ಕ ಮೆಟ್ಟಿಲಿನ ಕಡೆಗೆ. ಅವನು ಎಲ್ಲಿಗೂ ಓಡಲಿಲ್ಲ. ಆ ಹೂದಾನಿ ಇಲ್ಲಿದ್ದರೆ ಪೆಟ್ಟಿಗೆಯಲ್ಲಿ ಏನಿದೆ?

ಪಕ್ಕದಲ್ಲೇ ಚಾಕು ಇತ್ತು, ಮುಟ್ಟಲು ಧೈರ್ಯವಾಗಲಿಲ್ಲ. ಉಗುರಿನಲ್ಲೇ ಟೇಪು ಕಿತ್ತ. ಎರಡೆರಡು ಸುತ್ತು ಹಾಕಿದ್ದ, ಬೇಗ ಕಿತ್ತು ಬರಲೊಲ್ಲದು. ಹೆಂಡತಿ ಓಡಿ ಬಂದು ತಾನೂ ಕೈ ಹಾಕಿದಳು. ಮುಚ್ಚಳ ಹರಿಯಿತು.

ಮಗಳು ಒಳಗಿದ್ದಳು. ಕಾಗದದಲ್ಲಿ ಕತ್ತಿನವರೆಗೆ ಸುತ್ತಿತ್ತು. ತಲೆಯ ಕೆಳಗೆ ಕಾಗದ ಮಡಚಿಟ್ಟಿತ್ತು, ಅಲುಗಾಡದ ಹಾಗೆ ಸುತ್ತಲೂ ಚೂರು ತುಂಬಿತ್ತು. ಮೈಯೆಲ್ಲ ಬೆವರು, ಕಣ್ಣು ಅಗಲ ತೆರೆದಿದ್ದಳು, ಅಳುತ್ತಿರಲಿಲ್ಲ. ಹೆಂಡತಿ ಬೆರಳು ಹಾಕಿ ಅವಳ ಬಾಯಿಂದ ಕಾಗದದ ಮುದ್ದೆಯೊಂದನ್ನು ಎಳೆದ ಮೇಲೆ ಅತ್ತಳು. ಮೈಮೇಲೆ ಒಂದು ಗೀರು ಕೂಡ ಇರಲಿಲ್ಲ.

ಅಕ್ಕ ಮೆಟ್ಟಿಲಿಂದ ಓಡಿ ಬಂದಳು. "ಏನೂ ಆಗಿಲ್ಲ ತಾನೆ, ಏನೂ ಆಗಿಲ್ಲ ತಾನೆ" ಎನ್ನುವುದೊಂದೇ ಅವಳ ಬಾಯಲ್ಲಿ.

ಅವನು ಮಗಳಿಗೆ ಕೈ ಚಾಚಿದ. ಹೆಂಡತಿ ಬೈಯಲಿಲ್ಲ, ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು ಅಷ್ಟೆ. ಅವಳು ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಸಾಯಂಕಾಲದವರೆಗೆ ಕಾಯದೆ ಅವನು ಫೋನ್ ಮಾಡಿದ. "ನನ್ನ ಹೆಸರು ಬರ್ಕೊಳ್ಳಿ ಡಾಕ್ಟ್ರೇ. ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ."

"ಮರೆವಿನ ವಿಷಯ ಸರಿಯಾಗಿ ಯೋಚನೆ ಮಾಡಿದೀರಿ ತಾನೆ?"

"ಮಾಡಿದೀನಿ" ಎಂದ.

ಫೋನ್ ಇಟ್ಟ. ಆಮೇಲೆ ಹೆಂಡತಿಗೆ ಹೇಳಿದ: "ನಾನು ಮರೆತರೆ ಎಲ್ಲಾನೂ ನೀನೇ ಹೇಳ್ಬೇಕು. ಅವಳು ಹೇಗೆ ನಗ್ತಿದ್ಳು, ಹೇಗೆ ತೆವಳ್ತಿದ್ಳು, ಎಲ್ಲಾ. ಇವತ್ತಿಂದೊಂದು ಮಾತ್ರ ಬೇಡ. ಇದನ್ನ ಹೇಳ್ಬೇಡ."

ಅವಳು ಮಗುವಿನ ಕೂದಲಿಂದ ಕಾಗದದ ಚೂರುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಇದನ್ನೇ ಮೊದಲು ಹೇಳ್ತೀನಿ ರೀ" ಅಂದಳು. "ಇಲ್ದಿದ್ರೆ, ನನ್ನ ತಲೆ ಯಾಕೆ ಕೊಯ್ಸಿದೆ ಅಂತ ನೀವು ದಿನಾ ನನ್ನನ್ನ ಕೇಳ್ತೀರಿ."