ಹಿಸಾನೊಗೆಂದು ಬೆರೆಸಿದ್ದು

ತೊಮೊಜಿ ಸತ್ತ ಮಾರನೆಯ ದಿನ ಅವನ ಹೆಂಡತಿ ಹಿಸಾನೊಗೆ ಅಡುಗೆಮನೆಯ ಕಪಾಟಿನ ಮೂಲೆಯಲ್ಲಿ ಎರಡು ಶೀಸೆ ಸಿಕ್ಕವು. ದೊಡ್ಡದು ಅವಳಿಗೆ ಹೊಸದಲ್ಲ. ಭಾನುವಾರ ಬಂತೆಂದರೆ ಗೆಣಸಿನ ಸಾರಾಯಿ ಶೋಚುವಿಗೆ ನೀರು ಬೆರೆಸಿಟ್ಟು, ಮೂರು ದಿನ ಅದರ ತಂಟೆಗೆ ಹೋಗದೆ, ಬುಧವಾರ ಸಂಜೆ ಕರಿಯ ಮಣ್ಣಿನ ಹೂಜಿಯಲ್ಲಿ ಬೆಚ್ಚಗೆ ಮಾಡಿಕೊಂಡು ಕೂರುವುದು ಅವನ ಪದ್ಧತಿ. ಅವರ ಊರಾದ ಮಕುರಜಾಕಿಯ ಗಂಡಸರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಚಿಕ್ಕ ಶೀಸೆಯನ್ನು ಮಾತ್ರ ಅವಳು ಕಂಡಿರಲಿಲ್ಲ. ಅದಕ್ಕೊಂದು ಚೀಟಿ ಅಂಟಿತ್ತು: "ಹಿಸಾನೊಗೆ. ನೀರು ಜಾಸ್ತಿ. ಬುಧವಾರ."

ಬುಧವಾರ ಬರುವ ಮೊದಲೇ ಅವನು ಮೀನು ಒಣಗಿಸುವ ಶೆಡ್ಡಿನಲ್ಲಿ ಕುಸಿದು ಬಿದ್ದಿದ್ದ.

ಮೂವತ್ತೆಂಟು ವರ್ಷ ಅವನು "ಒಂದೇ ಗುಟುಕು ಕಣೇ" ಎಂದು ಕರೆದ. ಮೂವತ್ತೆಂಟು ವರ್ಷವೂ ಈ ಮಹಾರಾಯಿತಿ "ಥೂ, ನಾತ" ಎಂದು ಮೂಗು ಮುರಿದಳು. ಒಮ್ಮೆಯೂ ತುಟಿಗೆ ಸೋಕಿಸಲಿಲ್ಲ. ಈಗ ಆ ಚಿಕ್ಕ ಶೀಸೆಯನ್ನು ಅವನ ಫೋಟೊದ ಮುಂದಿಟ್ಟು ಎರಡು ಹೊತ್ತೂ ಊದುಬತ್ತಿ ಹಚ್ಚತೊಡಗಿದಳು. ಸತ್ತವರಿಗೆ ಮಾಡುವ ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿಯಲಿ, ಆಮೇಲೆ ಅವನೆದುರೇ ಕುಡಿಯುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಕೊಟ್ಟಳು.

ಆ ದಿನ ಬಂತು. ಮಧ್ಯಾಹ್ನ ನೆಂಟರೆಲ್ಲ ಹೊರಟ ಮೇಲೆ ತೊಮೊಜಿಯ ಅಕ್ಕ ಫುಸಾ ಮಾತ್ರ ಉಳಿದಳು. ಎಪ್ಪತ್ತೆಂಟಾದರೂ ಕುಡಿತದಲ್ಲಿ ತಮ್ಮನನ್ನೇ ಮೀರಿಸಿದವಳು.

"ಇದೇನೇ, ಶೀಸೆನ ದೇವರು ಮಾಡಿ ಕೂರಿಸಿದೀಯಾ?"

"ಅವರ ಕೈಯಾರೆ ಬೆರೆಸಿದ್ದು ಅಕ್ಕ. ಇವತ್ತು ತೆಗೀತೀನಿ."

ಚೀಟಿ ಓದಿದ ಫುಸಾಳ ನಗು ಅಲ್ಲೇ ನಿಂತಿತು. "ಅಯ್ಯೋ ಪೆದ್ದೀ, ನೀರು ಸೇರಿದ್ಮೇಲೆ ಒಂದು ವಾರ, ಹತ್ತು ದಿನ. ಅಷ್ಟೇ. ಇಷ್ಟು ದಿನ, ಅದೂ ಈ ಸೆಕೇಲಿ, ಎಲ್ಲಿ ಉಳಿಯುತ್ತೆ?"

ಹಿಸಾನೊ ನಂಬಲಿಲ್ಲ. ಮುಚ್ಚಳ ತೆಗೆದಳು. ಒಣಗದ ಬಟ್ಟೆಯ ಮುಗ್ಗಲು ವಾಸನೆ ಬಂತು. ಬಟ್ಟಲಿಗೆ ಬಗ್ಗಿಸಿ ನೋಡಿದಳು; ಮೂಗಿಗೆ ಹುಳಿ ಹೊಡೆಯಿತು. ಶೀಸೆಯನ್ನು ಕೆಳಗಿಟ್ಟಳು.

ಫುಸಾ ಬೈಯಲಿಲ್ಲ. ತಮ್ಮನಿಗೆ ಎಡೆ ಇಡಲೆಂದು ಮೂರು ದಿನದ ಹಿಂದೆ ತಾನೇ ಬೆರೆಸಿ ತಂದಿದ್ದ ಶೋಚುವನ್ನು ಹೂಜಿಗೆ ಸುರಿದು ಸಣ್ಣ ಉರಿಯಲ್ಲಿಟ್ಟು, ಬೆಚ್ಚಗಾದ ಮೇಲೆ ಬೇರೊಂದು ಬಟ್ಟಲಿಗೆ ಬಗ್ಗಿಸಿದಳು. "ಹಿಡಿ. ಮೂಗು ಮುಚ್ಕೋಬೇಡ."

ಹಿಸಾನೊ ಒಂದು ಗುಟುಕು ಕುಡಿದಳು. ಬೆಂದ ಗೆಣಸಿನ ಪಾತ್ರೆಯ ಮುಚ್ಚಳ ತೆಗೆದಂಥ ಘಮ. ಗಂಟಲಲ್ಲಿ ಬೆಚ್ಚಗೆ ಇಳಿದು, ಕಡೆಗೆ ಸಣ್ಣ ಸಿಹಿ. ಇನ್ನೊಂದು ಗುಟುಕು. ನೋಡುವಷ್ಟರಲ್ಲಿ ಬಟ್ಟಲು ಖಾಲಿ. ಮತ್ತೆ ಚಾಚಿದಳು.

"ನೋಡಿದ್ಯಾ!" ಫುಸಾ ತೊಡೆ ತಟ್ಟಿ ನಕ್ಕಳು. "ಹೆಂಗಿದೆ?"

"ಚೆನ್ನಾಗಿದೆ," ಎಂದಳು ಹಿಸಾನೊ. ಮರುಕ್ಷಣವೇ ಅವಳ ಮುಖ ಹಿಂಡಿಹೋಯಿತು. "ಚೆನ್ನಾಗಿದೆ ಅಕ್ಕ! ಇಷ್ಟು ಚೆನ್ನಾಗಿರುತ್ತೆ ಅಂತ ಯಾಕೆ ಯಾರೂ ಹೇಳಲಿಲ್ಲ?"

"ಅವನು ಹೇಳ್ತಾನೇ ಇದ್ನಲ್ಲೇ," ಫುಸಾಳ ದನಿಯೂ ಒಡೆಯಿತು. "ವಾರ ವಾರ ನಿನಗೆ ಅಂತ ಒಂದು ಬೆರೆಸ್ತಿದ್ದ. ನೀನು ಒಲ್ಲೆ ಅಂದ್ರೆ ಗುರುವಾರ ತಾನೇ ಮುಗಿಸ್ತಿದ್ದ. ಈ ಸಲ ಕುಡೀತಾಳೆ ನೋಡಕ್ಕ ಅಂತ ಪ್ರತಿಸಲ ನನ್ ಹತ್ರ ಅಂತಿದ್ದ, ಹುಚ್ಚ."

ಮೂವತ್ತೆಂಟು ವರ್ಷದ ಬುಧವಾರಗಳೆಲ್ಲ ಒಟ್ಟಿಗೆ ಬಂದು ಹಿಸಾನೊಳ ಮೇಲೆ ಕುಸಿದವು. ಫುಸಾ ತುಂಬಿಸಿಕೊಟ್ಟ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಹುಳಿ ಹಿಡಿದ ಬಟ್ಟಲನ್ನು ಎತ್ತಿಕೊಂಡಳು.

"ಬೇಡ ಕಣೇ, ಹೊಟ್ಟೆ ಕೆಡುತ್ತೆ!" ಫುಸಾ ಕೈ ಹಿಡಿದಳು.

"ಬಿಡಿ ಅಕ್ಕ. ನನಗೆ ಅಂತ ಬೆರೆಸಿದ್ದು."

ಮುಖ ಕಿವುಚುತ್ತ, ಅಳುತ್ತ, ಬಟ್ಟಲಿನ ತಳ ಕಾಣುವವರೆಗೂ ಕುಡಿದಳು.