ಗಾಜಿನ ಕೋಣೆಯ ಸವತಿ

"ಕೆಮ್ಮೋದಾದ್ರೆ ಆಚೆ ಹೋಗಿ ಕೆಮ್ಮೋ, ಬೋಳಿಮಗನೇ. ಬಾಗಿಲು ತೆಗೆದಿದೆ, ಮಿಷನ್‌ಗೆ ಧೂಳು ಹೋಗುತ್ತೆ."

ಮಗು ಮಲಗಿದ ಮನೆಯ ಬಾಗಿಲಿನಂತೆ ಗಾಜಿನ ಬಾಗಿಲನ್ನು ಧಣಿ ಮೆಲ್ಲಗೆ ಮುಚ್ಚಿದ. ಸೀಟಿ ಆಚೆ ಹೋಗಿ ಕೆಮ್ಮಿ ಬಂದ. ಅಡುಗೆಮನೆ ಕಟ್ಟೆಗೆ ಹಾಕುವ ಕಲ್ಲನ್ನು ಕೈ ಗ್ರೈಂಡರಿನಲ್ಲಿ ಉಜ್ಜಿ ಉಜ್ಜಿ, ಉಸಿರೆಳೆದರೆ ಅವನ ಎದೆ ಸೀಟಿ ಹೊಡೆಯುತ್ತಿತ್ತು. ಅದು ಶುರುವಾದಂದೇ ಶೆಡ್ಡಿನವರು ಅಪ್ಪ ಇಟ್ಟ ಹೆಸರನ್ನು ಮರೆತು ಸೀಟಿ ಎಂದು ಕರೆದರು.

ಗಾಜಿನ ಕೋಣೆಯಲ್ಲಿ ಹೊಸ ಮಿಷನ್ ಕೂತಿತ್ತು, ಕಲ್ಲಲ್ಲಿ ಹೂಬಳ್ಳಿ ಕೊರೆಯುವಂಥದ್ದು. ಅದಕ್ಕೆ ತಣ್ಣನೆ ಗಾಳಿ, ಕೊರೆಯುವಾಗ ನೀರು, ಸಂಜೆಯಾದರೆ ಹೊದಿಕೆ. ಸೀಟಿಗೆ ಮುಖಕ್ಕೊಂದು ಹಳೇ ಲುಂಗಿಯ ತುಂಡು. ಅವನ ಹೊಟ್ಟೆಕಿಚ್ಚಿಗೆ ಆ ನೀರೆಲ್ಲ ಸುರಿದರೂ ಸಾಲುತ್ತಿರಲಿಲ್ಲ.

"ಧಣಿ, ನನ್ನ ಗ್ರೈಂಡರ್‌ಗೂ ಒಂದು ನೀರಿನ ಪೈಪ್ ಎಳೆಸಿ. ಕಲ್ಲು ಒದ್ದೆ ಇದ್ರೆ ಧೂಳು ಏಳಲ್ಲ."

"ನೆಲವೆಲ್ಲ ಕೆಸರಾಗುತ್ತೆ. ಬಳಿಯೋಕೆ ನಿಮ್ಮಪ್ಪ ಬರ್ತಾನಾ?"

"ಅಪ್ಪನೂ ಇಲ್ಲೇ ಉಜ್ಜಿ ಹೋದದ್ದು, ಧಣಿ. ಎದ್ದು ಬರೋ ಹಾಗಿದ್ರೆ ಬರ್ತಿದ್ದ."

ಸಂಜೆ ಹೆಂಡತಿ ಗೋಡೆಗೆ ದಿಂಬು ಒಟ್ಟಿ ಅವನನ್ನು ಒರಗಿಸಿದಳು. ಅಂಗಾತ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಎದೆ ಅರ್ಧ ಕಲ್ಲಾಗಿದೆ, ಇನ್ನು ಧೂಳು ಕುಡಿದರೆ ಉಳಿದದ್ದೂ ಹೋಗುತ್ತೆ ಎಂದು ಡಾಕ್ಟರು ಹೇಳಿಯಾಗಿತ್ತು.

"ಬಂದಾಗಿಂದ ಬರೀ ಆ ಮಿಷನ್ ಮಾತೇ. ಅದನ್ನೇನು ಇಟ್ಕೊಂಡಿದೀಯಾ?"

"ಇಟ್ಕೊಂಡಿರೋದು ಧಣಿ ಕಣೇ. ನಾನು ಅವನು ಕಟ್ಕೊಂಡವಳು. ಇಟ್ಕೊಂಡವಳಿಗೆ ಗಾಜಿನ ಮನೆ, ಕಟ್ಕೊಂಡವಳಿಗೆ ಬೂದಿ."

ಅವಳಿಗೆ ನಗು ಬಂತು. ಅವನೂ ನಗಲು ಹೋಗಿ ಕೆಮ್ಮಿದ. ನಗು ಅಲ್ಲಿಗೇ ನಿಂತಿತು.

ಮರುದಿನ ಮಿಷನ್ ನೋಡಲು ಇಂಜಿನಿಯರ್ ಬಂದ. ಒಳಗಿಂದ ಗಾಳಿ ಸೋಸುವ ಜಾಲರಿಯೊಂದನ್ನು ಎಳೆದು ತೋರಿಸಿದ. ಮೈಯೆಲ್ಲ ಹಿಟ್ಟಿನಂಥ ಧೂಳು.

"ಬಾಗಿಲು ಸಂದಿಯಿಂದಲೇ ಇಷ್ಟು ಬಂದಿದೆ. ಇನ್ನಷ್ಟು ಹೋದ್ರೆ ಉಸಿರು ಕಟ್ಟಿ ನಿಂತುಬಿಡುತ್ತೆ."

"ಅಯ್ಯೋ, ಈಗಲೇ ಹೊಸದು ಹಾಕಿ ಸ್ವಾಮಿ. ಖರ್ಚಿನ ಮುಖ ನೋಡ್ಬೇಡಿ," ಎಂದ ಧಣಿ. ಅವನ ದನಿಯಲ್ಲಿ ಅಷ್ಟು ಕರುಳಿರುವುದು ಸೀಟಿಗೆ ಗೊತ್ತೇ ಇರಲಿಲ್ಲ. ಸತ್ತವರ ಮನೆಗೆ ಬಂದಾಗಲೂ ಅದು ಕೇಳಿಸಿರಲಿಲ್ಲ.

ಹೊಸ ಜಾಲರಿ ಹಾಕಿಸಿ, ಇಂಜಿನಿಯರನ್ನು ಕಾರಿನವರೆಗೆ ಬಿಡಲು ಧಣಿ ಹೋದ. ಸೀಟಿ ಗ್ರೈಂಡರಿನ ವೈರು ಎಳೆದುಕೊಂಡು ಗಾಜಿನ ಕೋಣೆಗೆ ನುಗ್ಗಿ ಚಿಲಕ ಹಾಕಿದ. ಮತ್ತೆ ಓಡುತ್ತಿದ್ದ ಮಿಷನ್ ಕಲ್ಲಲ್ಲಿ ಅರ್ಧ ಬಳ್ಳಿ ಕೊರೆದಿತ್ತು. ನೀರಿನ ನಲ್ಲಿ ತಿರುಗಿಸಿ ನಿಲ್ಲಿಸಿದ. ಮುಖದ ಬಟ್ಟೆ ಬಿಗಿದು, ಆ ಕಲ್ಲಿನ ಕೊರೆಯದ ಬದಿಯಲ್ಲಿ ಗ್ರೈಂಡರ್ ಒತ್ತಿದ.

ಗಾಜು ಬೆಳ್ಳಗಾಗುತ್ತ ಬಂತು. ಓಡಿಬಂದ ಧಣಿಗೆ ಒಳಗೆ ಏನೂ ಕಾಣಲಿಲ್ಲ.

"ತೆಗಿಯೋ ಬಾಗಿಲು, ಸೂಳೆಮಗನೇ! ಅದು ಸಾಯುತ್ತೆ!"

ಉಜ್ಜುವವರೆಲ್ಲ ಗ್ರೈಂಡರ್ ನಿಲ್ಲಿಸಿ ಸುತ್ತ ನಿಂತರು. ಬಾಗಿಲಿಗೆ ಯಾರೂ ಕೈ ಹಾಕಲಿಲ್ಲ. ಒಳಗೆ ಮಿಷನ್ ಎರಡು ಸಲ ಗಕ್ ಗಕ್ ಎಂದು ನಿಂತಿತು. ಆಮೇಲೆ ಗ್ರೈಂಡರೂ ನಿಂತಿತು. ಬಿಳಿ ಗಾಜಿನ ಹಿಂದಿನಿಂದ ಎದೆಯ ಸೀಟಿಯೊಂದೇ ಕೇಳುತ್ತಿತ್ತು, ಅದರ ನಡುವೆ ತುಂಡು ತುಂಡಾಗಿ ಮಾತು:

"ಕೆಮ್ಮೋದಾದ್ರೆ... ಆಚೆ ಹೋಗಿ ಕೆಮ್ಮು ಅಂತ... ಇದಕ್ಕೂ ಹೇಳಿ, ಧಣಿ."