ವಾಲಿ ಬೇಗ ಸತ್ತದ್ದು

ಡೊಂಬಿವಲಿಯ ಸರ್ವೋತ್ತಮ ಶೆಟ್ಟರ ವಾಲಿ ಸುಲಭಕ್ಕೆ ಸಾಯುವವನಲ್ಲ. ಎದೆಗೆ ಬಾಣ ನೆಟ್ಟ ಮೇಲೂ ರಾಮನನ್ನು ಗಂಟೆಗಟ್ಟಲೆ ತರಾಟೆಗೆ ತೆಗೆದುಕೊಂಡು, ಲೋಕಲ್ ಟ್ರೇನಿನ ಚಿಂತೆಯಿರುವ ಪ್ರೇಕ್ಷಕರೆಲ್ಲ ಎದ್ದು ಹೋದ ಮೇಲೆಯೇ ಅವನು ಕಣ್ಣು ಮುಚ್ಚುವುದು. ತಾಳಮದ್ದಳೆಯೆಂದರೆ ಹಾಗೆಯೇ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ. ಶಾಲು ಹೊದ್ದು ಸಾಲಾಗಿ ಕುಳಿತು, ಭಾಗವತರ ಪದ ಮುಗಿದಂತೆಲ್ಲ ಮಾತಿನಲ್ಲೇ ಹೊಡೆದಾಟ. ಕುಳಿತವರು ತಮ್ಮ ಪಾತ್ರ ಮುಗಿಯುವ ತನಕ ಏಳುವಂತಿಲ್ಲ. ಎದ್ದರೆ ಸೋತಂತೆ.

ಹೋದ ವರ್ಷ ಠಾಣೆ ಊರಿನ ಕೂಟದಲ್ಲಿ ಶೆಟ್ಟರು ಏಳದೆಯೇ ಸೋತಿದ್ದರು. ರಾಮನಾಗಿ ಕುಳಿತಿದ್ದವರು ಘಣಸೋಲಿಯ ಯಜ್ಞೇಶ್ವರ ಭಟ್ಟರು, ಬ್ಯಾಂಕಿನಿಂದ ನಿವೃತ್ತರಾದವರು. "ತಮ್ಮನ ಹೆಂಡತಿಯನ್ನು ಅಪಹರಿಸಿದ ನಿನಗೆ ಬಾಣ ಎದುರಿನಿಂದ ಬಂದರೇನು, ಮರೆಯಿಂದ ಬಂದರೇನು?" ಎಂದು ಅವರು ತಣ್ಣಗೆ ಕೇಳಿದಾಗ ಶೆಟ್ಟರ ಬಾಯಿ ಕಟ್ಟಿಹೋಯಿತು. ಸಭೆ ಚಪ್ಪಾಳೆ ತಟ್ಟಿತು. ಕಲ್ಯಾಣ ಸ್ಟೇಷನ್ನಿನ ಪಕ್ಕ ಜೀವಮಾನವಿಡೀ ಹೋಟೆಲು ನಡೆಸಿ ಎಂಥೆಂಥ ಗಿರಾಕಿಗಳ ಬಾಯಿ ಮುಚ್ಚಿಸಿದ ಮನುಷ್ಯನಿಗೆ ಆ ಚಪ್ಪಾಳೆ ಇನ್ನೂ ಚುಚ್ಚುತ್ತಿತ್ತು. ಮರೆಯಲ್ಲಿ ನಿಂತು ಹೊಡೆದದ್ದು ತಪ್ಪು ಎಂದು ಭಟ್ಟರ ಬಾಯಿಂದಲೇ ಒಮ್ಮೆ ಹೇಳಿಸಬೇಕು, ಅವರ ಆಸೆ ಅಷ್ಟೇ. ಈ ಭಾನುವಾರ ಅದೇ ಪ್ರಸಂಗ, ಅದೇ ರಾಮ. ಶೆಟ್ಟರು ತಿಂಗಳಿಂದ ಬಾತ್‌ರೂಮಿನಲ್ಲಿ ಮಾತು ಅಭ್ಯಾಸ ಮಾಡಿ ದಿನವೂ ಸೊಸೆಯ ಆಫೀಸು ತಡಮಾಡಿಸಿದ್ದರು.

ಸೊಸೆ ಜ್ಯೋತ್ಸ್ನಾ ಒಳ್ಳೆಯ ಹುಡುಗಿ. ಮಾವನಿಗೆ ಸಕ್ಕರೆ ಕಾಯಿಲೆ, ಸಿಹಿ ಕಂಡರೆ ಜೊಲ್ಲು. ಎರಡನ್ನೂ ಬಲ್ಲ ಅವಳು ಭಾನುವಾರ ಬೆಳಿಗ್ಗೆ ಒಂದು ದೊಡ್ಡ ಡಬ್ಬಿ ಕಾಜೂ ಕತ್ಲಿ ತಂದಿಟ್ಟಳು.

"ಮಾಮಾ, ಇದು ಶುಗರ್‌ಫ್ರೀ. ಲೇಕಿನ್ ದಿನಕ್ಕೆ ದೋ ಪೀಸ್, ಬಸ್. ಜಾಸ್ತಿ ತಿಂದ್ರೆ ಪೋಟ್ ಬಿಘಡೇಲ್. ಆಮೇಲೆ ನನ್ಗೆ ಹೇಳ್ಬೇಡಿ ಹಾಂ."

ಶೆಟ್ಟರು ಇದನ್ನು ಹೋಟೆಲಿನವರ ಕಿವಿಯಿಂದ ಕೇಳಿದರು. ಸಕ್ಕರೆಯೇ ಇಲ್ಲವೆಂದ ಮೇಲೆ ಲೆಕ್ಕ ಯಾಕೆ? ಹೊಟ್ಟೆ ಕೆಡುತ್ತದೆ ಎಂಬುದು ತಿಂಡಿ ಬೇಗ ಮುಗಿಯದಿರಲೆಂದು ಹುಟ್ಟಿದ ಮಾತು. ಮದುವೆಯ ಊಟದ ಆರ್ಡರಿನಲ್ಲಿ ಜಿಲೇಬಿ ಕಡಿಮೆ ಬಿದ್ದಾಗ, "ಬಿಸಿ ಬಿಸಿ ಉಂಟು, ಜಾಸ್ತಿ ತಿಂದ್ರೆ ಹೊಟ್ಟೆಗೆ ಆಗ್ಲಿಕ್ಕಿಲ್ಲ" ಎಂದು ಬಡಿಸುವವರಿಗೆ ಹೇಳಿಕೊಟ್ಟವರು ಅವರೇ ಅಲ್ಲವೇ? ತಮ್ಮದೇ ಮಂತ್ರವನ್ನು ಸೊಸೆ ತಮಗೇ ಹಾಕುತ್ತಾಳೆಂದರೆ!

ಊಟವಾದ ಮೇಲೆ ಶುರುಮಾಡಿದರು. ನಾಲಿಗೆಗೆ ಸ್ವಲ್ಪ ತಂಪೆನಿಸಿತು, ಉಳಿದಂತೆ ಗೋಡಂಬಿ ಗೋಡಂಬಿಯೇ. ಠಾಣೆಗೆ ಹೋಗುವ ಲೋಕಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಡಬ್ಬಿ ತೊಡೆಯ ಮೇಲಿತ್ತು. ದಿವಾ ಸ್ಟೇಷನ್ ದಾಟುವಷ್ಟರಲ್ಲಿ ಮೇಲಿನ ಪದರ ಮಾಯವಾಗಿತ್ತು. ಎಷ್ಟೋ ವರ್ಷಗಳಿಂದ ಕಳ್ಳನ ಹಾಗೆ ಚೂರು ಕದ್ದು ತಿನ್ನುತ್ತಿದ್ದ ಮನುಷ್ಯ ಆ ದಿನ ರಾಜನ ಹಾಗೆ ತಿಂದರು. ನಿಜಕ್ಕೂ ಬಹಳ ಸಂತೋಷಪಟ್ಟರು.

ಸಭಾಂಗಣದ ಹಿಂದಿನ ಕೋಣೆಯಲ್ಲಿ ಭಟ್ಟರು ಸಕ್ಕರೆಯಿಲ್ಲದ ಚಹಾ ಕುಡಿಯುತ್ತ ಮುಖ ಸಿಂಡರಿಸಿಕೊಂಡಿದ್ದರು. ಅವರದ್ದೂ ಅದೇ ಕಾಯಿಲೆ. ಎದುರಾಳಿಯಾದರೇನು, ಎದುರಿಗಿದ್ದವರಿಗೆ ಕೊಡದೆ ತಿನ್ನುವುದು ಹೋಟೆಲಿನವರಿಗೆ ಹೇಳಿದ್ದಲ್ಲ.

"ತಿನ್ನಿ ಭಟ್ರೇ, ಸಕ್ಕರೆ ಇಲ್ಲದ್ದು. ಎಷ್ಟು ತಿಂದ್ರೂ ಎಂತ ಆಗುದಿಲ್ಲ."

"ಹೌದಾ? ನಿಮ್ಗೆ ಪುಣ್ಯ ಬರ್ತದೆ ಮಾರಾಯ್ರೆ," ಎಂದ ಭಟ್ಟರು ಕೆಳಗಿನ ಪದರಕ್ಕೆ ಕೈ ಹಾಕಿದರು. ಪುಣ್ಯ ಹಂಚಿಕೊಂಡೇ ಇಬ್ಬರೂ ಡಬ್ಬಿ ಮುಗಿಸಿದರು.

ಪ್ರಸಂಗ ಶುರುವಾಯಿತು. ಸುಗ್ರೀವನ ಗೋಳು ಮುಗಿದು, ಜಗಳವಾಗಿ, ಬಾಣ ಬಿದ್ದು, ವಾಲಿಯ ಮಾತಿನ ಸರದಿ ಬರುವ ಹೊತ್ತಿಗೆ ಶೆಟ್ಟರ ಹೊಟ್ಟೆಯಲ್ಲಿ ಏನೋ ಉರುಳಿತು. ಮೊದಲು ದೂರದ ಗುಡುಗು, ಆಮೇಲೆ ಹತ್ತಿರದ್ದು. ಮೈಕು ಎದುರಿಗೇ ಇತ್ತು. ವಾಲಿಯ ಗರ್ಜನೆಯೆಂದು ತಿಳಿದ ಮದ್ದಳೆಗಾರ ಅದಕ್ಕೊಂದು ಪೆಟ್ಟನ್ನೂ ಕೊಟ್ಟ. ಶೆಟ್ಟರು ಶಾಲನ್ನು ಬಿಗಿಯಾಗಿ ಸುತ್ತಿಕೊಂಡರು. ಈಗ ಎದ್ದರೆ ಹೋದ ವರ್ಷದ್ದು ಏನೂ ಅಲ್ಲ, ಸಾಯುವ ತನಕ ಜನ ನಗುತ್ತಾರೆ. ಹಲ್ಲು ಕಚ್ಚಿ, ತಿಂಗಳಿಂದ ಮಸೆದಿಟ್ಟ ಮಾತನ್ನು ಹೊರತೆಗೆದರು.

"ರಾಮಾ, ನಾನು ಅಪರಾಧಿಯೆಂದೇ ಇರಲಿ. ಅಪರಾಧ ಮಾಡಿದವನು ಅಡಗುವುದುಂಟು. ದಂಡಿಸುವ ಅರಸನೇ ಅಡಗಿ ನಿಲ್ಲುವುದು ಯಾವ ಧರ್ಮ? ನನ್ನನ್ನು ಕರೆಸಿ ಒಂದು ಮಾತು ಕೇಳಿದೆಯಾ?"

ಸಭೆ ತಲೆದೂಗಿತು. ಭಾಗವತ ಮುಂಡಪ್ಪ ಪೂಜಾರಿಯವರೂ "ಹೌದಲ್ಲ" ಎಂಬಂತೆ ರಾಮನ ಕಡೆ ತಿರುಗಿದರು. ರಾಮ ಮಾತಾಡಲಿಲ್ಲ.

ಶೆಟ್ಟರಿಗೆ ಸ್ವರ್ಗಕ್ಕೆ ಮೂರೇ ಗೇಣು. ಇನ್ನೊಂದು ಪ್ರಶ್ನೆ ಎಸೆದರೆ ಗೆದ್ದಂತೆಯೇ ಎಂದುಕೊಂಡು ಎದುರಾಳಿಯ ಮುಖ ನೋಡಿದರು. ಭಟ್ಟರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಕಾಲಿನ ಬೆರಳುಗಳು ಮುದುಡಿದ್ದವು. ಎರಡೂ ಕೈ ಶಾಲಿನ ಅಂಚನ್ನು ಹಿಡಿದುಕೊಂಡಿದ್ದವು. ಇದು ಉತ್ತರ ಹೊಳೆಯದವನ ಲಕ್ಷಣವಲ್ಲ, ತಮ್ಮದೇ ಲಕ್ಷಣ ಎಂದು ಶೆಟ್ಟರಿಗೆ ಗೊತ್ತಾಯಿತು.

ಅಯ್ಯೋ, ಎಷ್ಟು ತಿಂದರೂ ಏನೂ ಆಗುವುದಿಲ್ಲ ಎಂದು ಕೊಟ್ಟವನು ನಾನೇ ಅಲ್ಲವೇ!

ಇನ್ನು ಸ್ವಲ್ಪ ಹೊತ್ತು ಎಳೆದರೆ ರಾಮ ಎದ್ದು ಓಡುವುದು ಖಂಡಿತ. ನಾಳೆ ವಾಶಿಯಿಂದ ಕಲ್ಯಾಣದವರೆಗೆ ಅದೇ ಸುದ್ದಿ. ಭಟ್ಟರ ಕಣ್ಣು ಶೆಟ್ಟರ ಕಣ್ಣನ್ನೇ ಹಿಡಿದಿತ್ತು. ಅದರಲ್ಲಿ ಹೋದ ವರ್ಷದ ಜಂಬವಿರಲಿಲ್ಲ. ಸಾಯಿ ಮಾರಾಯ, ಒಮ್ಮೆ ಸತ್ತುಬಿಡು ಎಂಬ ಬೇಡಿಕೆಯಿತ್ತು. ಶೆಟ್ಟರಿಗೆ ಪಾಪ ಅನ್ನಿಸಿತು. ಆ ಪಾಪವೆಲ್ಲ ಭಟ್ಟರೊಬ್ಬರಿಗೇ ಸಂದಿತೆಂದರೆ ಸುಳ್ಳಾದೀತು.

"ರಾಮಾ," ಎಂದರು, "ಉತ್ತರ ಬೇಡ. ಸಾಯುವವನಿಗೆ ನ್ಯಾಯ ಯಾಕೆ? ನಿನ್ನ ಮುಖ ಕಂಡೆ, ಸಾಕು. ನನ್ನನ್ನು ಬೇಗ ಕಳಿಸಿಕೊಡು. ಬೇಗ."

ಆ ಎರಡನೆಯ "ಬೇಗ"ದಲ್ಲಿದ್ದ ಆರ್ತತೆ ಯಾವ ಅಭ್ಯಾಸದಿಂದಲೂ ಬರುವಂಥದ್ದಲ್ಲ. ಮುಂದಿನ ಸಾಲಿನ ರಮಾಮಣಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ತಥಾಸ್ತು!" ಎಂದರು ಭಟ್ಟರು. ಬಾಣದಷ್ಟೇ ವೇಗವಾಗಿ ಬಂತು ಆ ಮಾತು. ಮುಂಡಪ್ಪನವರು ಗಲಿಬಿಲಿಯಾಗಿ, ಹಾಡಬೇಕಾದ ಪದಗಳನ್ನೆಲ್ಲ ಬಿಟ್ಟು, ನೇರ ಮಂಗಳಕ್ಕೆ ಇಳಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಂಥ ಭಕ್ತಿಯ ವಾಲಿಯನ್ನು ಯಾರೂ ಕಂಡಿರಲಿಲ್ಲ. ಕೈ ಮುಗಿಯಲು ನೋಡಿದರೆ ವೇದಿಕೆಯ ಮೇಲೆ ವಾಲಿಯೂ ಇಲ್ಲ, ರಾಮನೂ ಇಲ್ಲ.

ಹಿಂದಿನ ಪ್ಯಾಸೇಜಿನ ಕೊನೆಯಲ್ಲಿ ಒಂದೇ ಒಂದು ಸಂಡಾಸು. ಸತ್ತ ವಾಲಿಯೇ ಮೊದಲು ತಲುಪಿ ಚಿಲಕಕ್ಕೆ ಕೈ ಹಾಕಿದ. ಹಿಂದಿನಿಂದ ಭಟ್ಟರು ತೋಳು ಹಿಡಿದರು.

"ಶೆಟ್ರೇ, ಒಂದು ಮಾತು."

"ಈಗ ಎಂತ ಮಾತು ಮಾರಾಯ್ರೆ!"

"ಮರೆಯಲ್ಲಿ ನಿಂತು ಹೊಡೆದದ್ದು ತಪ್ಪು. ರಾಮಂದು ತಪ್ಪೇ. ಒಪ್ಪಿದೆ. ನನ್ನನ್ನು ಮೊದಲು ಬಿಡಿ."

ವರ್ಷವಿಡೀ ಯಾವ ಮಾತಿಗಾಗಿ ಹಂಬಲಿಸಿದ್ದರೋ ಆ ಮಾತು ಫಿನಾಯಿಲ್ ವಾಸನೆಯ ಪ್ಯಾಸೇಜಿನಲ್ಲಿ, ಕೇಳುವವರು ಒಬ್ಬರೂ ಇಲ್ಲದಾಗ ಬಂದಿತ್ತು. ಆದರೂ ಬಂತಲ್ಲ! ಎದೆ ಉಬ್ಬಿತು. ಚಿಲಕ ಬಿಟ್ಟು ಪಕ್ಕಕ್ಕೆ ಸರಿದು, ಅರಸನ ಗತ್ತಿನಲ್ಲಿ ಕೈ ತೋರಿದರು. ಭಟ್ಟರು ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡರು.

ಗೋಡೆಗೊರಗಿ ಕಾಲು ಹೊಸೆದುಕೊಂಡು ನಿಂತ ಶೆಟ್ಟರಿಗೆ ಆಸೆ ಇನ್ನೂ ತೀರಲಿಲ್ಲ.

"ಭಟ್ರೇ, ಆಗ ಹೇಳಿದ್ರಲ್ಲ, ಅದನ್ನು ಹೊರಗೆ ಬಂದು ಮೈಕಿನಲ್ಲಿ ಒಮ್ಮೆ ಹೇಳ್ತೀರಾ?"

ನಲ್ಲಿಯ ಸದ್ದು ನಿಂತಿತು. ಆಮೇಲೆ ಒಳಗಿನಿಂದ, ಹೋದ ವರ್ಷದ ಅದೇ ತಣ್ಣನೆಯ ಸ್ವರ, ಈಗ ಪೂರ್ತಿ ಸುಧಾರಿಸಿಕೊಂಡದ್ದು:

"ಯಾವುದು ಶೆಟ್ರೇ? ಮರೆಯಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ."

ಶೆಟ್ಟರಿಗೆ ಸಿಟ್ಟು ಬರಬೇಕಿತ್ತು. ತಡೆಯಲಾಗದ ನಗು ಬಂತು. ಆದರೆ ಅವರು ನಗುವ ಸ್ಥಿತಿಯಲ್ಲಿರಲಿಲ್ಲ.